ಮೇವಿನ ಜಮೀನಿನ ಮಣ್ಣಿನಲ್ಲಿ ಇಂಗಾಲ ಶೇಕಡಾ 0.42ರಿಂದ 0.51ಕ್ಕೆ ಏರಿದೆ ಅಂತಾರೆ. ನಂಬಬಹುದಾ?

ಹುಲ್ಲುಗಾವಲಿನವಳು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮದು 30 ಎಕರೆ ಒಣ ಜಮೀನು. ಮಳೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು, ಅದೂ ಬಂದರೆ ಬಂತು. ಅಪ್ಪ ಮೊದಲು ಅರ್ಧ ಭಾಗ ಉಳುತ್ತಿದ್ದರು. ಬೆಳೆ ಕೈಗೆ ಹತ್ತದೆ ಬಿಟ್ಟುಬಿಟ್ಟರು. ನೇಗಿಲು ತಾಗದೆ ಈಗ 18 ವರ್ಷ ಆಯಿತು. ಅಪ್ಪ ಹೋದ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. 40 ಕುರಿ, 6 ದನ. ಎಲ್ಲವೂ ಅಲ್ಲೇ ಮೇಯುತ್ತವೆ.

ಮೂರು ವರ್ಷದ ಹಿಂದೆ ಕಾರ್ಬನ್ ಕ್ರೆಡಿಟ್ ಕಂಪನಿಯ (ನೆಲ ಕೂಡಿಟ್ಟ ಇಂಗಾಲವನ್ನು ಲೆಕ್ಕ ಹಾಕಿ ಮಾರೋರು) ಹುಡುಗನೊಬ್ಬ ಬಂದ. ಐದು ಕಡೆ ಮಣ್ಣು ತೆಗೆದ, ಒಂದು ಬಕೆಟ್ಟಿಗೆ ಹಾಕಿ ಕಲಸಿದ, ಒಂದು ಚೀಲ ತುಂಬಿಕೊಂಡು ಹೋದ. ಸಾವಯವ ಇಂಗಾಲ, ಅಂದರೆ ಕೊಳೆತ ಬೇರು, ಎಲೆಯಿಂದ ಮಣ್ಣಿಗೆ ಸೇರಿದ್ದು, ಶೇಕಡಾ 0.42 ಅಂತ ರಿಪೋರ್ಟ್ ಬಂತು. ಜಮೀನನ್ನು ನಾಲ್ಕು ಭಾಗ ಮಾಡಿ ಸರದಿಯಲ್ಲಿ ಮೇಯಿಸಿ ಅಂದರು. ಆದಷ್ಟು ಮಾಡಿದೆ. ಸುಳ್ಳು ಯಾಕೆ ಹೇಳಲಿ, ಬೇಲಿ ಹಾಕಿದ್ದು ಎರಡೇ ಭಾಗಕ್ಕೆ.

ಕಳೆದ ತಿಂಗಳು ಅದೇ ಹುಡುಗ ಮತ್ತೆ ಬಂದ. ಈ ಸಲ 0.51. ಖುಷಿಯಿಂದ ಫೋನ್ ಮಾಡಿ, "ಅಕ್ಕಾ, ನಿಮ್ಮ ನೆಲ ಮೂರು ವರ್ಷದಲ್ಲಿ 180 ಟನ್ ಕಾರ್ಬನ್ ಡೈಆಕ್ಸೈಡ್ ನುಂಗಿದೆ" ಅಂದ. ಈಗ ಒಪ್ಪಂದಕ್ಕೆ ಸಹಿ ಹಾಕಬೇಕಂತೆ, 25 ವರ್ಷಕ್ಕೆ.

ನನಗೆ ಅನುಮಾನ ಬಂದದ್ದು ಹೀಗೆ. ಅವನು ತೆಗೆದ ಮಣ್ಣಿನಲ್ಲಿ ಸ್ವಲ್ಪ ನನ್ನ ಹತ್ತಿರ ಉಳಿದಿತ್ತು. ಚೆನ್ನಾಗಿ ಕಲಸಿ, ಎರಡು ಪಾಲು ಮಾಡಿ, ಎರಡು ಬೇರೆ ಲ್ಯಾಬಿಗೆ ಕಳಿಸಿದೆ. ಒಂದು 0.49 ಅಂತು, ಇನ್ನೊಂದು 0.66 ಅಂತು. ಒಂದೇ ಮಣ್ಣು ಕಣ್ರೀ! ಲ್ಯಾಬಿಂದ ಲ್ಯಾಬಿಗೆ 0.17 ವ್ಯತ್ಯಾಸ ಬರುವಾಗ, ಮೂರು ವರ್ಷದಲ್ಲಿ 0.09 ಏರಿದೆ ಅನ್ನೋದಕ್ಕೆ ಏನು ಅರ್ಥ?

ಇನ್ನೊಂದು ವಿಷಯ, ಇದು ಮುಖ್ಯವೋ ಅಲ್ಲವೋ ಗೊತ್ತಿಲ್ಲ. ಈ ಸಲ ಅವನು ಬಂದಾಗ ಸುಡು ಬಿಸಿಲು. ಐದರಲ್ಲಿ ಒಂದು ಗುಂಡಿಯನ್ನು ಜಾಲಿ ಮರದ ನೆರಳಲ್ಲಿ ತೋಡಿದ. ಮಧ್ಯಾಹ್ನ ನಮ್ಮ ಕುರಿಗಳು ಮಲಗುವ ಜಾಗ ಅದು.

---

ಸುಮ್ನೆ ಬಂದೆ:

ಅಕ್ಕ, ಸಹಿ ಹಾಕಿ ಬಿಡಿ. ಮಣ್ಣು ನಿಮ್ದು, ಲೆಕ್ಕ ಅವರದ್ದು. ಕಮ್ಮಿ ಬಂದಿದ್ರೆ ತಾನೇ ತಲೆ ಕೆಡಿಸಿಕೊಳ್ಳೋದು?

---

ಲ್ಯಾಬ್ ಮೇಷ್ಟ್ರು:

ಮೇಲಿನ ಸಲಹೆ ಕೇಳಬೇಡಿ. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ 26 ವರ್ಷ ಕೂತವನು ನಾನು, ಈಗ ನಿವೃತ್ತ. ನಿಮ್ಮ ಪ್ರಶ್ನೆಯೊಳಗೇ ಮುಕ್ಕಾಲು ಉತ್ತರ ಇದೆ.

ಮೊದಲು 180 ಟನ್ ಎಲ್ಲಿಂದ ಬಂತು ನೋಡೋಣ. 30 ಎಕರೆ ಅಂದರೆ ಸುಮಾರು 12 ಹೆಕ್ಟೇರ್. 30 ಸೆಂಟಿಮೀಟರ್ ಆಳ, ಒಂದು ಘನ ಸೆಂಟಿಮೀಟರಿಗೆ 1.5 ಗ್ರಾಂ ತೂಕ ಅಂತ ಹಿಡಿದರೆ ಹೆಕ್ಟೇರಿಗೆ 4,500 ಟನ್ ಮಣ್ಣು. ಅದರ 0.09 ಶೇಕಡಾ ನಾಲ್ಕು ಟನ್ ಇಂಗಾಲ. ಇಂಗಾಲವನ್ನು ಕಾರ್ಬನ್ ಡೈಆಕ್ಸೈಡ್ ಲೆಕ್ಕಕ್ಕೆ ತರಲು 3.67ರಿಂದ ಗುಣಿಸಬೇಕು. ಎಲ್ಲ ಗುಣಿಸಿದರೆ ಹತ್ತಿರ ಹತ್ತಿರ 180. ಗುಣಾಕಾರ ತಪ್ಪಿಲ್ಲ. ಆದರೆ ಆ ಹುಡುಗ ಎಷ್ಟು ಆಳಕ್ಕೆ ತೋಡಿದ? ಸಾಮಾನ್ಯವಾಗಿ ಗೊಬ್ಬರದ ಶಿಫಾರಸಿಗೆ ತೆಗೆಯೋ ಹಾಗೆ ಅರ್ಧ ಅಡಿ, 15 ಸೆಂಟಿಮೀಟರ್ ತೆಗೆದಿದ್ದರೆ, ಕೆಳಗಿನ 15 ಸೆಂಟಿಮೀಟರಿನಲ್ಲೂ ಅಷ್ಟೇ ಏರಿದೆ ಅಂತ ಸುಮ್ನೆ ಊಹಿಸಿದ ಹಾಗಾಯಿತು. ಅಲ್ಲಿಗೇ ಅರ್ಧ ಲೆಕ್ಕ ಹೋಯಿತು.

1.5 ಗ್ರಾಂ ಅನ್ನೋದನ್ನು ಯಾರು ಅಳೆದರು? ಯಾರೂ ಅಳೆದಿಲ್ಲ, ಬರೆದೇ ಕೊಡ್ತೀನಿ. ನೀವೇ ಅಳೆಯಬಹುದು. ಒಳಗಿನ ಅಗಲ 5 ಸೆಂಟಿಮೀಟರ್ ಇರುವ ಕಬ್ಬಿಣದ ಪೈಪಿನಿಂದ 5 ಸೆಂಟಿಮೀಟರ್ ಉದ್ದದ ತುಂಡು ಕತ್ತರಿಸಿಕೊಳ್ಳಿ. ಒಂದು ಅಂಚನ್ನು ಉಜ್ಜಿ ಚೂಪು ಮಾಡಿ. ನೆಲದ ಮೇಲಿಟ್ಟು, ಮೇಲೊಂದು ಹಲಗೆ ತುಂಡು ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ಇಳಿಸಿ. ಸುತ್ತ ಕೆದಕಿ ಎತ್ತಿ, ಎರಡೂ ತುದಿ ಚಾಕುವಿನಿಂದ ಸಮ ಮಾಡಿ. ಅದರೊಳಗೆ 98 ಘನ ಸೆಂಟಿಮೀಟರ್ ಮಣ್ಣು ಹಿಡಿಯುತ್ತದೆ. ಲ್ಯಾಬಿನಲ್ಲಾದರೆ 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸುತ್ತೇವೆ. ಒಣಗಿದ ಮೇಲೆ ತೂಗಿ. ಆಮೇಲೆ 2 ಮಿಲಿಮೀಟರ್ ಜರಡಿ ಹಿಡಿದು ಕಲ್ಲು ಬೇರೆ ಮಾಡಿ ಮತ್ತೆ ತೂಗಿ. ಇಂಗಾಲ ಇರೋದು ಜರಡಿಯಿಂದ ಇಳಿದ ಮಣ್ಣಿನಲ್ಲಿ, ಕಲ್ಲಿನಲ್ಲಲ್ಲ. ಗರಸು ನೆಲದಲ್ಲಿ ಇದೊಂದನ್ನೇ ಮರೆತು ಎಷ್ಟು ಜನ ಸಾಹುಕಾರರಾಗಿದ್ದಾರೋ, ಕಾಗದದ ಮೇಲೆ.

ಕುರಿ ತುಳಿದು ನೆಲ ಗಟ್ಟಿಯಾದರೆ ಇನ್ನೊಂದು ಮೋಸ ಆಗುತ್ತೆ. ಅದೇ 15 ಸೆಂಟಿಮೀಟರಿನೊಳಗೆ ಮೊದಲಿಗಿಂತ ಜಾಸ್ತಿ ಮಣ್ಣು ತುಂಬಿಕೊಂಡಿರುತ್ತದೆ. ಇಂಗಾಲ ಒಂದು ಚೂರೂ ಹೆಚ್ಚದಿದ್ದರೂ ಹೆಚ್ಚಿದ ಹಾಗೆ ಲೆಕ್ಕ ಬರುತ್ತದೆ. ಅದಕ್ಕೇ ಎರಡು ಸಲವೂ ಒಂದೇ ಆಳ ಅನ್ನುವ ಬದಲು ಒಂದೇ ತೂಕದ ಮಣ್ಣನ್ನು ಹೋಲಿಸಬೇಕು.

ಇನ್ನು ಎರಡು ಲ್ಯಾಬಿನ ಜಗಳ. 0.49 ಅಂದವರು ಹಳೇ ವಿಧಾನ ಬಳಸಿರಬೇಕು, ವಾಕ್ಲಿ ಮತ್ತು ಬ್ಲ್ಯಾಕ್ ಅನ್ನೋ ವಿಜ್ಞಾನಿಗಳು 1934ರಲ್ಲಿ ಕೊಟ್ಟದ್ದು. ಮಣ್ಣಿಗೆ ಡೈಕ್ರೋಮೇಟ್ ಅನ್ನೋ ರಾಸಾಯನಿಕ ಹಾಕಿ, ಗಟ್ಟಿ ಸಲ್ಫ್ಯೂರಿಕ್ ಆಸಿಡ್ ಸುರಿಯುತ್ತೇವೆ. ಆ ಬಿಸಿಗೆ ಸಾವಯವ ಇಂಗಾಲ ಉರಿಯುತ್ತೆ, ಆದರೆ ಪೂರ್ತಿ ಅಲ್ಲ. ಮುಕ್ಕಾಲು ಭಾಗ ಉರಿದಿದೆ ಅಂತ ಹಿಡಿದು 1.3ರಿಂದ ಗುಣಿಸುತ್ತೇವೆ. ಎಲ್ಲ ಮಣ್ಣಿಗೂ ಅದೇ 1.3. 0.66 ಅಂದವರ ಹತ್ತಿರ ಮಣ್ಣನ್ನು ಕುಲುಮೆಯಲ್ಲಿ ಪೂರ್ತಿ ಸುಟ್ಟು ಅಳೆಯುವ ಯಂತ್ರ ಇರಬಹುದು. ಅದು ಒಳ್ಳೆಯದೇ. ಆದರೆ ಒಣ ಪ್ರದೇಶದ ನೆಲದಲ್ಲಿ ಸುಣ್ಣದ ಅಂಶ ಇರುತ್ತೆ. ಯಂತ್ರ ಸುಣ್ಣದೊಳಗಿನ ಇಂಗಾಲವನ್ನೂ ಸೇರಿಸಿ ಎಣಿಸುತ್ತದೆ. ಮೊದಲು ಆಸಿಡ್ ಹಾಕಿ ಸುಣ್ಣ ತೆಗೆಯದಿದ್ದರೆ ನಂಬರ್ ಉಬ್ಬುತ್ತದೆ. ಆ ಸುಣ್ಣ ನಿಮ್ಮ ಹುಲ್ಲು ಮೂರು ವರ್ಷದಲ್ಲಿ ಕೂಡಿಟ್ಟದ್ದಲ್ಲ, ಸಾವಿರಾರು ವರ್ಷದ್ದು.

ಮನೆಯಲ್ಲೇ ನೋಡಬಹುದು. ಶೌಚಾಲಯ ತೊಳೆಯೋ ಆಸಿಡ್ ಸ್ವಲ್ಪ ತೆಳು ಮಾಡಿಕೊಳ್ಳಿ. ಆಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್ಡಿಗಲ್ಲ. ಒಣ ಮಣ್ಣಿನ ಮೇಲೆ ನಾಲ್ಕು ಹನಿ ಬಿಡಿ. ಚುರ್ ಅಂತ ನೊರೆ ಬಂದರೆ ಸುಣ್ಣ ಇದೆ.

ಜಾಲಿ ಮರದ ವಿಷಯ ಮುಖ್ಯವೋ ಅಲ್ಲವೋ ಅಂದಿರಿ. ನನ್ನ ಪ್ರಕಾರ ಅದೇ ಇಡೀ ಕಥೆ. ಒಣ ನೆಲದಲ್ಲಿ ಮರದ ಬುಡ ಅಂದರೆ ದ್ವೀಪ ಇದ್ದ ಹಾಗೆ. ಎಲೆ ಉದುರುತ್ತೆ, ಗಾಳಿಗೆ ಬಂದ ಕಸ ನಿಲ್ಲುತ್ತೆ, ಕುರಿ ಹಿಕ್ಕೆ ಬೀಳುತ್ತೆ. ಹತ್ತು ಹೆಜ್ಜೆ ಆಚೆ ಬೋಳು. ಎರಡಕ್ಕೂ ಇಂಗಾಲ ಒಂದೇ ಇರೋದಿಲ್ಲ. ಬಯಲಿನ ಮಣ್ಣು, ಮರದಡಿಯ ಮಣ್ಣು ಎರಡನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿ, ಒಂದೇ ಲ್ಯಾಬಿಗೆ, ಒಂದೇ ದಿನ ಕೊಡಿ. ಆಮೇಲೆ ಮಾತಾಡೋಣ.

---

ಕಂಬಳಿ:

ಮೇಷ್ಟ್ರು ಲೆಕ್ಕ ಹೇಳಿದರು, ನಾನು ಹುಲ್ಲಿನ ಬಗ್ಗೆ ಹೇಳ್ತೀನಿ. ನಾನು ಕುರಿ ಕಾಯೋನು, ಓದಿದ್ದು ಕಮ್ಮಿ, ಈ ವಿಷಯದಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಓದ್ಕೊಂಡಿದೀನಿ.

ಅಕ್ಕ, ಮೇವಿನ ನೆಲದೊಳಗೆ ಇಂಗಾಲ ಇಳಿಯೋದು ಬೇರಿನ ದಾರಿಯಲ್ಲಿ. ಮೇಲಿನ ಹುಲ್ಲನ್ನು ಕುರಿ ತಿನ್ನುತ್ತೆ, ಉಳಿದದ್ದನ್ನ ಗೆದ್ದಲು ತಿನ್ನುತ್ತೆ. ಸಗಣಿ ಬಿದ್ದ ಎರಡು ವಾರಕ್ಕೆ ಎತ್ತಿ ನೋಡಿ, ಮೇಲೆ ಹಪ್ಪಳದಂಥ ಸಿಪ್ಪೆ, ಒಳಗೆ ಬರೀ ಗೆದ್ದಲ ಮಣ್ಣು. ನಿಲ್ಲೋದು ಬೇರು, ಮತ್ತೆ ಬೇರಿಗೆ ಅಂಟಿದ ಜೇಡಿ.

ಬೇರು ಸಾಯೋದು ಯಾವಾಗ? ಮೊದಲ ಮಳೆ ಬಿದ್ದ ಮೇಲಿನ ಮೂರು ವಾರದಲ್ಲಿ. ಬುಡದಲ್ಲಿ ಕೂಡಿಟ್ಟ ಶಕ್ತಿಯಿಂದ ಹುಲ್ಲು ಚಿಗುರುತ್ತೆ. ಬೇಸಗೆಯೆಲ್ಲ ಒಣ ಹುಲ್ಲು ಅಗಿದ ಕುರಿ ಆ ಚಿಗುರಿಗೆ ಹುಚ್ಚು ಹಿಡಿದ ಹಾಗೆ ಬೀಳುತ್ತೆ. ಎರಡು ಸಲ ಕಚ್ಚಿಸಿಕೊಂಡ ಬುಡ ಬೇರನ್ನು ಬಿಟ್ಟುಕೊಡುತ್ತೆ. ನಾಲ್ಕು ವರ್ಷ ಹೀಗೇ ಆದರೆ ಬಹುವಾರ್ಷಿಕ ಹುಲ್ಲು ಹೋಗಿ, ಮಳೆಗೆ ಹುಟ್ಟಿ ಬಿಸಿಲಿಗೆ ಸಾಯೋ ಚಿಲ್ಲರೆ ಹುಲ್ಲು ಬರುತ್ತೆ. ಅದರ ಬೇರು ಬೆರಳುದ್ದ. ಅದಕ್ಕೇ ನಾನು ಆ ಮೂರು ವಾರ ಮಂದೆಯನ್ನು ಒಳಗೆ ಬಿಡಲ್ಲ. ಇಟ್ಟ ಒಣ ಮೇವು ಹಾಕ್ತೀನಿ. ಹುಲ್ಲು ಗೇಣು ಮೀರಿದ ಮೇಲೆ ಬಿಡ್ತೀನಿ, ಅರ್ಧ ತಿಂದ ಮೇಲೆ ಎಬ್ಬಿಸ್ತೀನಿ.

ಸರದಿ ಮೇವಿನ ಬಗ್ಗೆ ಒಂದು ಮಾತು. ಜಿಂಬಾಬ್ವೆಯ ಪರಿಸರ ತಜ್ಞ ಆ್ಯಲನ್ ಸೇವರಿ 2013ರಲ್ಲಿ ಒಂದು ಭಾಷಣ ಮಾಡಿದರು. ದೊಡ್ಡ ಹಿಂಡನ್ನು ಒತ್ತಾಗಿ ನಡೆಸಿಕೊಂಡು ಹೋದರೆ ಮರುಭೂಮಿಯೂ ಹಸಿರಾಗುತ್ತೆ, ಹವಾಮಾನವೂ ಸುಧಾರಿಸುತ್ತೆ ಅಂತ. ಕಂಪನಿಗಳೆಲ್ಲ ಅದನ್ನೇ ಹೇಳ್ತಾವೆ. ಆದರೆ ಹುಲ್ಲುಗಾವಲಿನ ವಿಜ್ಞಾನಿಗಳು ಬಹಳ ಜನ ಅದನ್ನು ಒಪ್ಪಿಲ್ಲ. ಕುರಿ ಸಂಖ್ಯೆ ಅಷ್ಟೇ ಇಟ್ಟು ಬರೀ ಸರದಿ ಮಾಡಿದರೆ, ಸರದಿ ಇಲ್ಲದ ಜಾಗಕ್ಕಿಂತ ಹುಲ್ಲು ಜಾಸ್ತಿ ಬಂದದ್ದು ಪ್ರಯೋಗಗಳಲ್ಲಿ ಕಮ್ಮಿ. ನನ್ನ ಅನುಭವವೂ ಅದೇ. ಎಷ್ಟು ಕುರಿ, ಹುಲ್ಲಿಗೆ ಯಾವಾಗ ಬಿಡುವು, ಈ ಎರಡೇ ಕೆಲಸ ಮಾಡೋದು. ನಾಲ್ಕು ಭಾಗವೋ ಹದಿನಾಲ್ಕು ಭಾಗವೋ, ಅದು ಬೇಲಿ ಮಾರೋರ ಚಿಂತೆ.

ಬೋಳು ಜಾಗಕ್ಕೆ ಮಾತ್ರ ಮಂದೆ ಒಳ್ಳೆಯ ಮದ್ದು. ಮೇಲ್ಮಣ್ಣು ಸಿಮೆಂಟಿನ ಹಾಗೆ ಹೆಪ್ಪುಗಟ್ಟಿ, ನೀರು ಇಂಗದ ತಾವು ಇರುತ್ತಲ್ಲ, ಅಲ್ಲಿ ನಾಲ್ಕು ರಾತ್ರಿ ಮಂದೆ ನಿಲ್ಲಿಸ್ತೀನಿ. ಗೊರಸಿಗೆ ಹೆಪ್ಪು ಒಡೆಯುತ್ತೆ, ಹಿಕ್ಕೆ, ಗಂಜಲ ಬೀಳುತ್ತೆ. ಇಳಿಜಾರಿದ್ದರೆ ಕೆಳಬದಿಗೆ ಅರ್ಧಚಂದ್ರದ ಹಾಗೆ ಮೊಣಕಾಲುದ್ದದ ಏರಿ. ನೈಜರ್, ಬುರ್ಕಿನಾ ಫಾಸೊ ದೇಶಗಳ ರೈತರು ಇದನ್ನೇ ಮಾಡ್ತಾರೆ. ಮುಂದಿನ ಮಳೆಗೆ ಮೊದಲು ಹಸಿರಾಗೋದು ಆ ತಾವು. ಆದರೆ ಆ ಹಿಕ್ಕೆಯ ಇಂಗಾಲ ಆಕಾಶದಿಂದ ಹೊಸದಾಗಿ ಇಳಿದದ್ದಲ್ಲ, ನಿಮ್ಮ ಜಮೀನಿನದ್ದೇ ಇನ್ನೊಂದು ಮೂಲೆಯದ್ದು. ಹೊಸದು ಬರೋದು ಅಲ್ಲಿ ಹುಟ್ಟಿದ ಹುಲ್ಲಿನಿಂದ.

"ಒಳ್ಳೆ ಹುಲ್ಲಿನ ಬೀಜ ಕೊಡ್ತೀವಿ, ಒಂದು ಸಲ ಉಳುಮೆ ಮಾಡಿ" ಅಂತ ಯಾರಾದ್ರೂ ಅಂದರೆ ಹೂಂ ಅನ್ನಬೇಡಿ. ಒಣಗಿದ ಮಣ್ಣಿಗೆ ಮಳೆ ಬಿದ್ದ ಕೂಡಲೇ ಸೂಕ್ಷ್ಮಜೀವಿಗಳು ಎದ್ದು ಇಂಗಾಲ ತಿಂದು ಗಾಳಿಗೆ ಬಿಡ್ತವೆ. ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡಿದ ಬರ್ಚ್ ಅನ್ನೋ ವಿಜ್ಞಾನಿ 1958ರಲ್ಲೇ ಇದನ್ನು ಬರೆದಿದ್ದಾರೆ. ಉತ್ತು ಬಿಟ್ಟರೆ ಆ ಊಟ ಇನ್ನೂ ಸಲೀಸು. 18 ವರ್ಷ ಕೂಡಿಟ್ಟದ್ದನ್ನು ಅವಕ್ಕೆ ನೀವೇ ಬಡಿಸಿದ ಹಾಗೆ.

---

ಸಹಿ ಹಾಕಿದವ:

ನಾನು ಐದು ವರ್ಷದ ಹಿಂದೆ ಸಹಿ ಹಾಕಿದೆ. ಕಂಪನಿ ಹೆಸರು ಬೇಡ.

ಒಪ್ಪಂದ 34 ಪುಟ. ನಾನು ಓದಿದ್ದು ಮೊದಲ ಎರಡು. 19ನೇ ಪುಟದಲ್ಲಿ ಏನಿತ್ತು ಅಂದರೆ, ಇಂಗಾಲ ಕಡಿಮೆಯಾದರೆ ಆ ಕೊರತೆಯನ್ನು ನನ್ನ ಮುಂದಿನ ಪಾಲಿನಿಂದ ಮುರಿದುಕೊಳ್ಳುತ್ತಾರೆ. ಮೂರನೇ ವರ್ಷ ಬರ ಬಂತು. ಹುಲ್ಲೇ ಇಲ್ಲ, ಇಂಗಾಲ ಎಲ್ಲಿಂದ ಬರಬೇಕು? ಬರಕ್ಕೆ ವಿನಾಯಿತಿ ಇದೆಯಾ ಅಂತ ಕೇಳಿದೆ. ಬೆಂಕಿಗೆ ಇದೆ, ಬರಕ್ಕೆ ಇಲ್ಲ ಅಂದರು. ಜಮೀನಿನ ಒಂದು ಭಾಗ ತಮ್ಮನಿಗೆ ಪಾಲು ಕೊಡೋಣ ಅಂದರೆ ಅದಕ್ಕೂ ಅವರ ಒಪ್ಪಿಗೆ ಬೇಕಂತೆ. ತಮ್ಮ ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾನೆ.

ಸರಕಾರವೇ ನಿಯಮ ಮಾಡಿರುವ ಕಡೆ ಸ್ವಲ್ಪ ಸ್ಪಷ್ಟ ಇದೆ. ಆಸ್ಟ್ರೇಲಿಯಾದಲ್ಲಿ ಮಣ್ಣಿನ ಇಂಗಾಲಕ್ಕೆ 25 ವರ್ಷ ಅಥವಾ 100 ವರ್ಷ, ಎರಡರಲ್ಲಿ ಒಂದನ್ನು ಆರಿಸಬೇಕು. 25 ಆರಿಸಿದರೆ ಕ್ರೆಡಿಟ್ಟಿನಲ್ಲಿ ಶೇಕಡಾ 20 ಕಡಿತ. ಕಡಿತ ಎಷ್ಟು, ಯಾಕೆ ಅಂತ ಮೊದಲೇ ಗೊತ್ತು. ನನ್ನ ಒಪ್ಪಂದದಲ್ಲಿ ಅದೂ ಇರಲಿಲ್ಲ.

ಮೂರು ವಿಷಯ ಬರವಣಿಗೆಯಲ್ಲೇ ಕೇಳಿ: ಮಣ್ಣು ಯಾರು, ಎಷ್ಟು ಕಡೆ, ಎಷ್ಟು ಆಳ ತೆಗೆಯುತ್ತಾರೆ, ಬರ ಬಂದರೆ ಏನು, ಮಧ್ಯದಲ್ಲಿ ಬಿಡಬೇಕಾದರೆ ಏನು. ಉತ್ತರ ಬರದಿದ್ದರೆ ಅದೇ ಉತ್ತರ.

---

ಹುಲ್ಲುಗಾವಲಿನವಳು:

ಮೂರು ವಾರ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ಮೇಷ್ಟ್ರು ಹೇಳಿದ್ದೆಲ್ಲ ಮಾಡಿದೆ.

ಪೈಪ್ ತುಂಡಿನಿಂದ ಆರು ಕಡೆ ಮಣ್ಣು ತೆಗೆದೆ. ಎರಡು ಕಡೆ ಕಲ್ಲಿಗೆ ತಾಗಿ ಪೈಪಿನ ಅಂಚೇ ಮಡಚಿಕೊಂಡಿತು, ಮತ್ತೆ ಉಜ್ಜಬೇಕಾಯಿತು. ಒಣಗಿದ ಮೇಲೆ ಸರಾಸರಿ 147 ಗ್ರಾಂ. ಆಹಾ, 1.5 ಸರಿಯಾಗೇ ಇದೆಯಲ್ಲ ಅಂದುಕೊಂಡೆ. ಆಮೇಲೆ ಜರಡಿ ಹಿಡಿದರೆ 29 ಗ್ರಾಂ ಬರೀ ಕಲ್ಲು! ಮಣ್ಣು 118 ಗ್ರಾಂ. ಅಂದರೆ 1.2. ಆಳ 15 ಸೆಂಟಿಮೀಟರೇ ಅಂತೆ, ಹುಡುಗನನ್ನೇ ಕೇಳಿದೆ. ಮತ್ತೆ ಲೆಕ್ಕ ಹಾಕಿದರೆ 180 ಟನ್ ಹೋಗಿ 72 ಆಯಿತು.

ಆಸಿಡ್ ಹನಿ ಬಿಟ್ಟಾಗ ನೊರೆ ಬಂತು. ಬಿಳಿ ಹರಳಿನಂಥ ಕಲ್ಲಿನ ಮೇಲಂತೂ ಸೋಡಾ ಬಾಟಲಿ ಬಿಚ್ಚಿದ ಹಾಗೆ. 0.66ರ ಲ್ಯಾಬಿಗೆ ಫೋನ್ ಮಾಡಿ ಸುಣ್ಣ ತೆಗೆದಿದ್ದಿರಾ ಅಂತ ಕೇಳಿದೆ. "ಅದನ್ನು ಬೇರೆಯಾಗಿ ಹೇಳಬೇಕಿತ್ತು ಮೇಡಂ" ಅಂದರು.

ಕೊನೆಗೆ ಮರ. ಬಯಲಿನ ನಾಲ್ಕು ಕಡೆಯದ್ದು ಒಂದು ಚೀಲ, ಜಾಲಿ ನೆರಳಿನದ್ದು ಒಂದು ಚೀಲ. ಬಯಲು 0.41. ನೆರಳು 0.88.

---

ಲ್ಯಾಬ್ ಮೇಷ್ಟ್ರು:

ನಾಲ್ಕು ಪಾಲು 0.41, ಒಂದು ಪಾಲು 0.88. ಕಲಸಿದರೆ 0.50. ಆ ಹುಡುಗನ ರಿಪೋರ್ಟ್ 0.51.

ಅವನು ಮೋಸ ಮಾಡಿದ ಅಂತ ನಾನು ಹೇಳಲ್ಲ. ಬಿಸಿಲಿತ್ತು, ನೆರಳಿಗೆ ಹೋದ. ನಾನೂ ಹೋಗಿದ್ದೇನೆ.

ನಿಮ್ಮ ನೆಲ ಏನೂ ಕೂಡಿಟ್ಟಿಲ್ಲ ಅಂತಲೂ ಅಲ್ಲ. ಇಂಥ ಮಳೆಯಲ್ಲಿ ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ ಹೆಕ್ಟೇರಿಗೆ 0.2 ಟನ್ ಇಂಗಾಲ ಬಂದರೂ ನಾನು ಶಭಾಷ್ ಅಂತೀನಿ. ಅಷ್ಟು ಬಂದರೂ ನಿಮ್ಮ ಮಣ್ಣಿನ ತೂಕಕ್ಕೆ ವರ್ಷಕ್ಕೆ 0.01 ಶೇಕಡಾ ಅಷ್ಟೇ ಏರೋದು. ಮೂರು ವರ್ಷಕ್ಕೆ 0.03. ಐದು ಗುಂಡಿಯಲ್ಲಿ, ಒಂದು ಬಕೆಟ್ಟಿನಲ್ಲಿ ಅದು ಕಾಣೋದಿಲ್ಲ. ಹತ್ತು ವರ್ಷ ಬಿಟ್ಟು, ಗುರುತು ಹಾಕಿದ ಜಾಗಗಳಲ್ಲೇ, ಅದೇ ತಿಂಗಳಲ್ಲಿ ತೆಗೆದರೆ ಕಾಣಬಹುದು.

ಇನ್ನೊಂದು, ಕಂಬಳಿಯವರು ಬಿಟ್ಟದ್ದು. ಒಂದು ಕುರಿ ವರ್ಷಕ್ಕೆ ಸುಮಾರು 5 ಕಿಲೋ ಮೀಥೇನ್ ತೇಗುತ್ತೆ, ದನ 50 ಕಿಲೋ ಆಸುಪಾಸು. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡಿನ 28 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತೆ. ನಿಮ್ಮ ಮಂದೆಯದ್ದು ವರ್ಷಕ್ಕೆ 14 ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ ಆಗುತ್ತೆ. ಮೊದಲಿನಷ್ಟೇ ಪ್ರಾಣಿಗಳಿದ್ದರೆ ಇದರಿಂದ ಹೊಸ ಹೊರೆ ಇಲ್ಲ. ಹುಲ್ಲು ಚೆನ್ನಾಗಿದೆ ಅಂತ ಇನ್ನೂ 20 ಕುರಿ ತಂದರೆ ಆಗ ಲೆಕ್ಕಕ್ಕೆ ಹಿಡಿಯಬೇಕು.

---

ಕಂಬಳಿ:

ಮೇಷ್ಟ್ರೇ, ತೇಗು ನಾನು ಬಿಟ್ಟಿದ್ದಲ್ಲ, ಕುರಿ ಬಿಟ್ಟಿದ್ದು 😄

ಅಕ್ಕ, ಬೇಲಿ ಹಾಕಿದ ಎರಡು ಭಾಗದಲ್ಲಿ ಹುಲ್ಲು ಹೇಗಿದೆ? ಅದನ್ನು ಯಾರೂ ಕೇಳಲೇ ಇಲ್ಲ.

---

ಹುಲ್ಲುಗಾವಲಿನವಳು:

ಹುಲ್ಲು ಚೆನ್ನಾಗಿದೆ ಅಣ್ಣ. ಹೋದ ಬೇಸಗೆಯಲ್ಲಿ ಮೇವು ಕೊಂಡಿದ್ದು ಹದಿನೈದೇ ದಿನಕ್ಕೆ. ಅದರ ಹಿಂದಿನ ವರ್ಷ ಎರಡು ತಿಂಗಳು ಕೊಂಡಿದ್ದೆ. ಮಳೆಯೂ ಚೆನ್ನಾಗಿತ್ತು ಅನ್ನಿ. ಬೇಲಿಯ ಒಳಗೆ ಹಾರೆ ಹಾಕಿದರೆ ಇಳಿಯುತ್ತೆ, ಹೊರಗೆ ಟಣ್ ಅನ್ನುತ್ತೆ.

ಒಪ್ಪಂದಕ್ಕೆ ಈಗ ಸಹಿ ಹಾಕುತ್ತಿಲ್ಲ. ಆ ಮೂರು ಪ್ರಶ್ನೆ ಬರೆದು ಕಳಿಸಿದ್ದೇನೆ, ಒಂಬತ್ತು ದಿನ ಆಯಿತು, ಉತ್ತರ ಇಲ್ಲ. ನಾನೇ ಇಪ್ಪತ್ತು ಕಡೆ ಕಬ್ಬಿಣದ ಗೂಟ ಹೊಡೆದಿದ್ದೇನೆ. ಹದಿನೇಳು ಬಯಲಲ್ಲಿ, ಮೂರು ಮರದಡಿ, ಬೇರೆ ಬೇರೆ ಲೆಕ್ಕ.

ಮೇಷ್ಟ್ರೇ, ಒಂದು ಕೊನೆ ಪ್ರಶ್ನೆ. ಹತ್ತು ವರ್ಷದಲ್ಲಿ ಲ್ಯಾಬ್ ಬದಲಾದರೆ, ಯಂತ್ರ ಬದಲಾದರೆ?

---

ಲ್ಯಾಬ್ ಮೇಷ್ಟ್ರು:

ಅರ್ಧ ಮಣ್ಣು ಇಟ್ಟುಕೊಳ್ಳಿ. ನೆರಳಲ್ಲಿ ಚೆನ್ನಾಗಿ ಒಣಗಿಸಿ, ಗಾಜಿನ ಬಾಟಲಿಗೆ ಹಾಕಿ, ಬಿಗಿಯಾಗಿ ಮುಚ್ಚಿ. ಜಾಗ, ಆಳ, ತಾರೀಖು ಪೆನ್ಸಿಲ್‌ನಲ್ಲಿ ಬರೆದು ಚೀಟಿಯನ್ನು ಒಳಗೂ ಹಾಕಿ, ಹೊರಗೂ ಅಂಟಿಸಿ. ಪೆನ್ನಿನ ಶಾಯಿ ಮಾಸುತ್ತೆ. ಹತ್ತು ವರ್ಷ ಬಿಟ್ಟು ಹಳೇದು, ಹೊಸದು ಎರಡನ್ನೂ ಒಂದೇ ದಿನ ಒಂದೇ ಯಂತ್ರಕ್ಕೆ ಕೊಡಿ. ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರ ರಾಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಶುರುವಾದ ಪ್ರಯೋಗಗಳ ಮಣ್ಣನ್ನು ಹೀಗೇ ಬಾಟಲಿಯಲ್ಲಿ ಇಟ್ಟಿದ್ದಾರೆ, ಈಗಲೂ ತೆಗೆದು ಪರೀಕ್ಷೆ ಮಾಡುತ್ತಾರೆ.

---

ಹುಲ್ಲುಗಾವಲಿನವಳು:

ಬಾಟಲಿ ಇಪ್ಪತ್ತು ಸಿಕ್ಕಿವೆ, ತೊಳೆದು ಬೋರಲು ಹಾಕಿದ್ದೇನೆ. ಮುಚ್ಚಳ ಹದಿಮೂರೇ ಇವೆ. ಹುಡುಕಬೇಕು.